ಪಾಠದಲ್ಲಿ ಇಲ್ಲದವರು

ಮಾವ ಅಟ್ಟದ ಮೇಲಿನ ಹಳೆಯ ರೇಡಿಯೋ ಇಳಿಸಲು ಹೋಗಿ ಸ್ಟೂಲಿನಿಂದ ಬಿದ್ದರು. ರೇಡಿಯೋಗೆ ಏನೂ ಆಗಲಿಲ್ಲ. ಮಾವನ ಬಲಗಾಲಿಗೆ ತೊಡೆಯವರೆಗೆ ಪ್ಲಾಸ್ಟರ್ ಬಿತ್ತು. ಅವರ ಮಂಚ ಮುಂದಿನ ಕೋಣೆಗೆ ಬಂತು, ಅಲ್ಲಿದ್ದ ಊಟದ ಮೇಜು ಅಡುಗೆಮನೆಗೆ ಹೋಯಿತು, ಅಡುಗೆಮನೆಯಲ್ಲಿ ಓಡಾಡಲು ಇದ್ದ ಜಾಗ ಎಲ್ಲಿ ಹೋಯಿತೋ ದೇವರೇ ಬಲ್ಲ. ಈಗ ಒಳಗೆ ಬರುವವರು, ಹೊರಗೆ ಹೋಗುವವರು ಎಲ್ಲರೂ ಮಂಚವನ್ನು ಬಳಸಿಕೊಂಡೇ ಓಡಾಡಬೇಕು, ಮಾವನಿಗೆ ಉತ್ತರ ಕೊಟ್ಟೇ ಹೋಗಬೇಕು.

"ಎಲ್ಲಿಗೆ?"

"ಸ್ಕೂಲಿಗೆ ಮಾವ."

"ದಿನಾ ಹೋಗ್ಲೇಬೇಕಾ?"

ದಿನಾ ಹೋಗದಿದ್ದರೆ ಅದು ಕೆಲಸ ಹೇಗಾಗುತ್ತದೆ ಎಂದು ಸೊಸೆ ಕೇಳಲಿಲ್ಲ. ಅವಳು ಎರಡು ಬೀದಿ ಆಚೆಯ ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಮಾಡುತ್ತಿದ್ದಳು. ಅಂಗಡಿಯವರಿಂದ ಹಿಡಿದು ಅತ್ತೆಯವರೆಗೆ ಎಲ್ಲರಿಗೂ ಅವಳು ಟೀಚರ್. ಮಾವನಿಗೆ ಮಾತ್ರ 'ಇವಳು'. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ವರ್ಷದ ಕೊನೆಗೆ ಮೇಲಿನ ಅಧಿಕಾರಿ ಸಾಹೇಬರು ಬರುತ್ತಾರೆ, ಮಕ್ಕಳು ಓದಿದ್ದನ್ನು ಅರ್ಥ ಮಾಡಿಕೊಂಡು ಹೇಳಿದರೆ ಟೀಚರ್ ಉಳಿಯುತ್ತಾಳೆ, ಇಲ್ಲದಿದ್ದರೆ ಇಲ್ಲ. ಮುಖ್ಯೋಪಾಧ್ಯಾಯಿನಿ ದೊಡ್ಡ ಮೇಡಂ ಇದನ್ನು ನಗುನಗುತ್ತಲೇ ಹೇಳಿದ್ದರು. ಅವರು ಕೆಟ್ಟ ಸುದ್ದಿಯನ್ನೂ ಸಿಹಿ ಹಂಚುವವರ ಹಾಗೆ ಹೇಳುವವರು.

ಪ್ಲಾಸ್ಟರ್ ಬಿದ್ದ ವಾರವೇ ಊಟದ ಹೊತ್ತಿಗೆ ಮಾತು ಎದ್ದಿತು. ಮಾವ ಮಂಚದ ಮೇಲೆ, ಉಳಿದವರು ಅಡುಗೆಮನೆಯಲ್ಲಿ, ನಡುವೆ ಗೋಡೆ. ಹೀಗಾಗಿ ಜಗಳವನ್ನೂ ಕೂಗಿಕೊಂಡೇ ಆಡಬೇಕಾಯಿತು.

"ನಿಮ್ಮಮ್ಮನ ಕೈಲಿ ನನ್ನ ಎತ್ತಿ ಕೂರಿಸೋಕೆ ಆಗಲ್ಲ ಕಣೋ," ಎಂದರು ಮಾವ ಆ ಕಡೆಯಿಂದ. "ಇವಳು ಆ ಸ್ಕೂಲು ಬಿಟ್ಟು ಮನೇಲಿರ್ಲಿ."

ಮಗ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ದಿನವಿಡೀ ಕಂಡವರ ಕಾಯಿಲೆ ಕೇಳಿ ಬಂದವನಿಗೆ ಮನೆಯ ತಾಪತ್ರಯ ಕೇಳಲು ಕಿವಿಯಿರಲಿಲ್ಲ. "ನೋಡೋಣ ಅಪ್ಪ," ಎಂದ.

"ಏನು ನೋಡೋದು?"

"ನೋಡೋಣ ಅಂದ್ನಲ್ಲ."

"ರೀ, ನೋಡೋಣ ಅಂದ್ರೆ ಏನರ್ಥ?" ಎಂದು ಟೀಚರ್ ಮೆಲ್ಲಗೆ ಕೇಳಿದಳು.

"ನೋಡೋಣ ಅಂದ್ರೆ ನೋಡೋಣ ಅಂತ. ಸಾರು ಬಡಿಸು."

ಎಂಟು ವರ್ಷದ ಮಗಳು ಚೂಟಿ ಗೋಡೆಯನ್ನೊಮ್ಮೆ ಅಪ್ಪನನ್ನೊಮ್ಮೆ ನೋಡುತ್ತಾ ತಿನ್ನುತ್ತಿದ್ದಳು. ಅವಳು ಅಮ್ಮನ ತರಗತಿಯಲ್ಲೇ ಓದುವವಳು. ಮಾತಿನಲ್ಲೂ ಕೈಯಲ್ಲೂ ಚುರುಕು, ಅದಕ್ಕೇ ಆ ಹೆಸರು. ಅತ್ತೆ ಮಾತ್ರ ತಲೆ ಎತ್ತದೆ ಅಂದರು: "ನಾನು ಎತ್ತಿ ಕೂರಿಸ್ತಾನೇ ಇದೀನಲ್ಲ. ಆಗಲ್ಲ ಅಂತ ನಾನು ಅಂದ್ನಾ?"

ಊಟವಾದ ಮೇಲೆ ಪಾತ್ರೆ ತೊಳೆಯುವಾಗ ಅತ್ತೆ ನಲ್ಲಿಯನ್ನು ಜೋರಾಗಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ಮಾತಾಡಿದರು. "ಪ್ಲಾಸ್ಟರ್ ಬಿಚ್ಚೋವರೆಗೆ ನಾನು ನೋಡ್ಕೋತೀನಿ. ನೀನು ಸ್ಕೂಲು ಬಿಡ್ಬೇಡ. ಬಿಚ್ಚಿದ ಮೇಲೆ ನಾನು ತಂಗಿ ಮನೆಗೆ ಹೋಗ್ತೀನಿ. ಒಬ್ಳೇ ಇದಾಳೆ, ಬಾ ಅಂತ ಬಡ್ಕೊಳ್ತಾ ಇದಾಳೆ. ಮದುವೆಯಾದ ಮೇಲೆ ಎರಡು ರಾತ್ರಿಗಿಂತ ಹೆಚ್ಚು ನಾನು ಎಲ್ಲೂ ಇದ್ದಿಲ್ಲ. ಈ ಸಲ ಸುಮ್ನೆ ಕೂತು ಬರ್ತೀನಿ, ಒಂದು ನಾಲ್ಕು ತಿಂಗಳು."

"ಹೋಗಿ ಅತ್ತೆ, ಖಂಡಿತ ಹೋಗಿ. ಸಾಹೇಬರು ಬಂದು ಹೋಗ್ಲಿ, ಆಮೇಲೆ ನಾನು ರಜೆ ಹಾಕಿ ಮಾವನ್ನ ನೋಡ್ಕೋತೀನಿ."

"ಮಾತು ಕೊಟ್ಟಿದೀಯ, ನೋಡು."

"ಕೊಟ್ಟೆ ಅತ್ತೆ."

ಮಾತು ಕೊಡುವುದು ಸುಲಭ. ಟೀಚರ್‌ಗೆ ಆಗ ಬೇರೆಯದೇ ತಲೆಬಿಸಿ ಇತ್ತು.

ಅವಳ ಮಕ್ಕಳು ಓದುತ್ತಿದ್ದರು, ಗಡಗಡ ಓದುತ್ತಿದ್ದರು. ಅರ್ಥ ಕೇಳಿದರೆ ಮಾತ್ರ ಮುಖ ಮುಖ ನೋಡುತ್ತಿದ್ದರು. ಪುಸ್ತಕದ ತುಂಬ ಜೀವನಚರಿತ್ರೆಗಳು: ಒಬ್ಬ ವಿಜ್ಞಾನಿ, ಒಬ್ಬ ವೈದ್ಯೆ, ಸೇತುವೆ ಕಟ್ಟಿದ ಒಬ್ಬ ಎಂಜಿನಿಯರ್. ಎಲ್ಲರೂ ಬಡ ಕುಟುಂಬದಲ್ಲಿ ಹುಟ್ಟಿದವರು, ಎಲ್ಲರೂ ಮೈಲಿಗಟ್ಟಲೆ ನಡೆದು ಶಾಲೆಗೆ ಹೋದವರು, ಎಲ್ಲರೂ ಕೊನೆಯ ಸಾಲಿನಲ್ಲಿ ಅಮರರಾದವರು.

"ಎಂಜಿನಿಯರ್ ಊರು ಬಿಟ್ಟು ಯಾಕೆ ಹೋದ್ರು?"

"ಅವರು ಮಹಾನ್ ವ್ಯಕ್ತಿ ಮಿಸ್."

"ಡಾಕ್ಟರಮ್ಮ ಯಾಕೆ ಅತ್ರು?"

"ಬಡ ಕುಟುಂಬದಲ್ಲಿ ಹುಟ್ಟಿದ್ರು ಮಿಸ್."

ಒಂದು ದಿನ ರೋಸಿಹೋಗಿ ಅವಳು ಪುಸ್ತಕ ಮಡಚಿಟ್ಟಳು. "ಎಂಜಿನಿಯರ್ ಬೆಳಗಾಗೋವರೆಗೂ ಓದಿ, ಬುತ್ತಿ ತಗೊಂಡು ಶಾಲೆಗೆ ಹೋದ್ರು ಅಂತ ಇದೆ. ಬುತ್ತಿ ಕಟ್ಟಿದ್ದು ಯಾರು? ಪಾಠದಲ್ಲಿ ಇದೆಯಾ?"

ತಲೆಗಳು ಪುಸ್ತಕದತ್ತ ಬಾಗಿದವು. "ಇಲ್ಲ ಮಿಸ್!"

"ಮತ್ತೆ ಬುತ್ತಿ ತಾನಾಗೇ ಕಟ್ಕೊಂಡು ಬಂತಾ?"

ಮಕ್ಕಳು ನಕ್ಕರು. ಮುಂದಿನ ಹಲ್ಲು ಬಿದ್ದ ಒಬ್ಬಳು ಮಾತ್ರ ನಗದೆ ಪುಟ ತಿರುಗಿಸಿದಳು. "ಅವರಮ್ಮ ಮಿಸ್. ಮೊದಲನೇ ಸಾಲಲ್ಲೇ ಅಪ್ಪ ಸತ್ತೋದ್ರು ಅಂತ ಇದೆ, ತಮ್ಮ ತೊಟ್ಟಿಲಲ್ಲಿದಾನೆ. ಇನ್ಯಾರು ಕಟ್ತಾರೆ?"

ಯಾರೂ ಹೇಳದೆಯೇ ಒಂದು ಮಗು ಪಾಠದ ಮೊದಲ ಸಾಲಿಗೆ ತಿರುಗಿ ಹೋದದ್ದು ಅದೇ ಮೊದಲು. ಟೀಚರ್‌ಗೆ ಅವಳನ್ನು ಎತ್ತಿ ಮುದ್ದಾಡಬೇಕೆನಿಸಿತು. ಅಂದಿನಿಂದ ಪ್ರತಿ ಪಾಠದ ಕೊನೆಗೆ ಒಂದೇ ಪ್ರಶ್ನೆ: ಈ ಪಾಠದಲ್ಲಿ ಇಲ್ಲದವರು ಯಾರು? ಮಕ್ಕಳು ಕಣ್ಣಾಮುಚ್ಚಾಲೆ ಆಡುವವರ ಹಾಗೆ ಸಾಲುಗಳ ಸಂದಿಯಲ್ಲಿ ಹುಡುಕಿ, ಅಡುಗೆಯವಳನ್ನು, ದೋಣಿಯವನನ್ನು, ಪುಸ್ತಕ ಸಾಲ ಕೊಟ್ಟ ಗೆಳೆಯನನ್ನು ಹೊರಗೆ ಎಳೆದು ತಂದರು. ಹಾಗೆ ಹುಡುಕುವುದಕ್ಕೆ ಪಾಠವನ್ನು ಮೂರು ಮೂರು ಸಲ ಓದಬೇಕಾಗುತ್ತದೆ ಎಂಬುದು ಅವರಿಗೆ ತಿಳಿಯಲೇ ಇಲ್ಲ.

ದೊಡ್ಡ ಮೇಡಂ ಕಿಟಕಿಯಿಂದ ನೋಡಿ ಒಳಗೆ ಬಂದರು. "ಚೆನ್ನಾಗಿದೆ ಟೀಚರ್! ಆದ್ರೆ ಸಾಹೇಬರಿಗೆ ಇನ್ನೂ ಏನಾದ್ರೂ ಹೊಸದು ಬೇಕು. ಬದುಕಿರೋರು ಯಾರದಾದ್ರೂ ಜೀವನಚರಿತ್ರೆ ಬರೆದು ಓದಿಸಿ. ಆ ದಿನ ಅವರನ್ನೇ ಕರೆಸೋಣ. ಮಕ್ಕಳು ಎದುರೆದುರೇ ಪ್ರಶ್ನೆ ಕೇಳ್ಲಿ."

ಅವತ್ತು ಸಂಜೆ ಮಾವ ಮತ್ತೆ ಶುರುಮಾಡಿದರು. ಬೆನ್ನ ಹಿಂದಿನ ದಿಂಬು ಜಾರಿದ್ದು, ಚಹಾ ಆರಿದ್ದು, ಎಲ್ಲಕ್ಕೂ ಸೊಸೆಯ ಶಾಲೆಯೇ ಕಾರಣ. ಮಂಚದ ಬುಡದಲ್ಲಿ ಕೂತು ಚೂಟಿ ಎಂಜಿನಿಯರನ ಪಾಠ ಓದುತ್ತಿದ್ದಳು. ಮಾವನಿಗೆ ಅದನ್ನೂ ಸಹಿಸಲಾಗಲಿಲ್ಲ.

"ಅವನೇನು ಮಹಾ! ಸೇತುವೆ ಕಟ್ಟಿದ್ನಂತೆ. ನಾನು ಮಾಡಿದ್ದು ಅವನು ಮಾಡಿದ್ನಾ? ಫ್ಯಾಕ್ಟರಿ ಕೀಲಿಗೊಂಚಲನ್ನ ಮ್ಯಾನೇಜರ್ ಮೇಜಿನ ಮೇಲೆ ಬಿಸಾಕಿ ಬಂದೋನು ನಾನು."

ಟೀಚರ್ ಒಂದು ಕ್ಷಣ ನಿಂತಳು. ಉಪಾಯ ಎನ್ನಿ, ಪ್ರಾಣಸಂಕಟ ಎನ್ನಿ. "ಹಾಗಾದ್ರೆ ಹೇಳಿ ಮಾವ, ಬರ್ಕೋತೀನಿ. ನಮ್ಮ ಮಕ್ಕಳಿಗೆ ಪಾಠ ಆಗ್ಲಿ."

"ಯಾರದು ಪಾಠ?"

"ನಿಮ್ಮದು."

ಮಾವ ಕೈಯಿಂದ ತಲೆಗೂದಲು ನೇವರಿಸಿಕೊಂಡರು, ಫೋಟೋ ತೆಗೆಯುವವರು ಬಂದಿದ್ದಾರೇನೋ ಎನ್ನುವ ಹಾಗೆ. ಅವತ್ತಿನಿಂದ ಸೊಸೆ ಕೆಲಸ ಬಿಡುವ ಮಾತು ನಿಂತುಹೋಯಿತು. ಅವಳು ಶಾಲೆಗೆ ಹೋಗದಿದ್ದರೆ ಅವರ ಪಾಠ ಓದಿಸುವವರು ಯಾರು?

ಆದರೆ ಮಂಚದ ಪಕ್ಕದ ಸ್ಟೂಲು ಈಗ ಅವಳ ಪಾಲಿಗೆ ಬಂತು. ಸಂಜೆ ಶಾಲೆಯಿಂದ ಬಂದು ಕಾಲು ತೊಳೆಯುವಷ್ಟರಲ್ಲಿ ಕರೆ ಬರುತ್ತಿತ್ತು. ತಿದ್ದಬೇಕಾದ ಪುಸ್ತಕಗಳು ಚೀಲದಲ್ಲೇ ಉಳಿಯುತ್ತಿದ್ದವು. ಅತ್ತೆ ಒಬ್ಬರೇ ತರಕಾರಿ ಹೆಚ್ಚಿ, ಬೇಯಿಸಿ, ಬಟ್ಟೆ ಮಡಚಿ, ನಡುನಡುವೆ ಬಂದು ಮಾವನ ಮಗ್ಗುಲು ಬದಲಿಸಿ ಹೋಗುತ್ತಿದ್ದರು. ಕಥೆ ಮಾತ್ರ ಆಗಲೂ ನಿಲ್ಲುತ್ತಿರಲಿಲ್ಲ.

"'ಹೊರಟರು' ಅಂತ ಬೇಡ. 'ಎದೆಯುಬ್ಬಿಸಿ ಹೊರಟರು' ಅಂತ ಬರಿ."

"ಮೂರನೇ ಕ್ಲಾಸಿನ ಮಕ್ಕಳು ಮಾವ, ಸಣ್ಣ ಸಣ್ಣ ಸಾಲು ಸಾಕು."

"ಎದೆ ಉಬ್ಬಿಸೋಕೆ ಎಷ್ಟು ಜಾಗ ಬೇಕು? ಬರಿ."

ಸುಳ್ಳಲ್ಲ, ಕೆಲಸ ಬಿಟ್ಟುಬಂದದ್ದು ನಿಜ. ಮಾವ ಫ್ಯಾಕ್ಟರಿಯಲ್ಲಿ ಕಬ್ಬಿಣ ಕಡೆಯುವ ಲೇತ್ ಮೆಷಿನ್ನುಗಳ ಮೇಸ್ತ್ರಿಯಾಗಿದ್ದರು. ಹೊಸ ಮ್ಯಾನೇಜರ್ ಒಬ್ಬ ಹೆಲ್ಪರನ ಕೆನ್ನೆಗೆ ಹೊಡೆದಾಗ, ಕೀಲಿಗೊಂಚಲನ್ನು ಅವನ ಮುಂದೆ ಎಸೆದು ಬಂದರು. ಒಂದು ವರ್ಷ ಯಾರ ಮುಂದೆಯೂ ಕೈಚಾಚಲಿಲ್ಲ. ಆಮೇಲೆ ಸ್ವಂತ ರಿಪೇರಿ ಅಂಗಡಿ ಇಟ್ಟರು. ಕೇಳುತ್ತಾ ಕೇಳುತ್ತಾ ಟೀಚರ್‌ಗೂ ಮಾವನ ಮೇಲೆ ಗೌರವ ಮೂಡಿತು. ದಿನಾ ಗೊಣಗುವ ಮನುಷ್ಯನ ಒಳಗೆ ಇಂಥವನೊಬ್ಬ ಇದ್ದನಲ್ಲ ಅನಿಸಿತು.

ತರಗತಿಯಲ್ಲಿ ಆ ಪಾಠ ಹಬ್ಬವಾಯಿತು. ಮಕ್ಕಳು ಕೀಲಿಗೊಂಚಲು ಎಸೆಯುವ ಆಟ ಆಡಿದರು. ಕೊನೆಗೆ ಎಂದಿನ ಪ್ರಶ್ನೆ ಕೇಳಿದ್ದೇ ತಡ, ಹಲ್ಲು ಬಿದ್ದವಳು ಎದ್ದು ನಿಂತಳು. "ತಾತನ ಹೆಂಡತಿ ಇಲ್ಲ ಮಿಸ್. ಮಗು ಇದೆ, ಹೆಂಡತಿ ಇಲ್ಲ. ಒಂದು ವರ್ಷ ಕೆಲಸ ಇಲ್ಲ ಅಂದ್ರೆ ಊಟ ಎಲ್ಲಿಂದ ಬಂತು?"

ಚೂಟಿ ಆ ಪ್ರಶ್ನೆಯನ್ನು ಬಿಸಿಬಿಸಿಯಾಗಿಯೇ ಮನೆಗೆ ತಂದಳು. "ತಾತ, ನೀನು ಕೆಲಸ ಬಿಟ್ಟಾಗ ಊಟ ಎಲ್ಲಿಂದ ಬಂತು ಅಂತ ಕ್ಲಾಸಲ್ಲಿ ಕೇಳ್ತಿದಾರೆ."

"ಬಂತು. ಹೇಗೋ ಬಂತು. ದೇವರು ನಡೆಸಿದ."

"ದೇವರು ಅನ್ನ ಮಾಡಿದ್ನಾ?"

"ಏ, ಹೋಗಿ ಓದ್ಕೋ!"

ಚೂಟಿ ನೇರ ಅಡುಗೆಮನೆಗೆ ಹೋದಳು. ಟೀಚರ್ ಮಾವನ ಬೆಡ್‌ಪ್ಯಾನ್ ತೊಳೆದು ತರುತ್ತಿದ್ದವಳು ಹಿತ್ತಲ ಬಾಗಿಲಲ್ಲೇ ನಿಂತಳು. ಅತ್ತೆ ಬಟಾಣಿ ಸುಲಿಯುತ್ತಾ, ಮೊಮ್ಮಗಳಿಗೂ ನಾಲ್ಕು ಕಾಳು ಕೊಡುತ್ತಾ ಹೇಳುತ್ತಿದ್ದರು.

"ಮಕ್ಕಳ ಹಾಸ್ಟೆಲ್ ಒಂದಿತ್ತು ಕಣೆ. ಅಲ್ಲಿ ಅಡುಗೆಗೆ ಹೋಗ್ತಿದ್ದೆ. ಇನ್ನೂ ಕತ್ತಲಿರ್ವಾಗ್ಲೇ ಹಿಂದಿನ ಗಲ್ಲಿಯಿಂದ ಹೋಗೋದು, ನಿಮ್ಮ ತಾತ ಎದ್ದು ಚಹಾ ಕೇಳೋ ಹೊತ್ತಿಗೆ ವಾಪಸ್ಸು. 'ಹೋಗೋದಾದ್ರೆ ಹೋಗು, ಆದ್ರೆ ಯಾರ ಕಣ್ಣಿಗೂ ಬೀಳ್ಬೇಡ' ಅಂದಿದ್ರು. ಪಕ್ಕದ ಮನೆಯವರು ಕೇಳಿದ್ರೆ ವಾಕಿಂಗು ಅಂತಿದ್ದೆ. 'ಎಷ್ಟು ವಾಕಿಂಗ್ ಮಾಡ್ತೀರಿ, ಒಣಗಿ ಹೋಗಿದೀರಲ್ಲ' ಅಂತ ಅವರು."

ಅಜ್ಜಿ ನಕ್ಕರು. ಚೂಟಿಯೂ ನಕ್ಕಳು.

"ಬೇಜಾರಾಗ್ತಿತ್ತಾ ಅಜ್ಜಿ?"

"ಇಲ್ವೇ! ಅಲ್ಲಿ ನಾವು ನಾಲ್ಕು ಜನ ಹೆಂಗಸರು. ಅಷ್ಟು ನಕ್ಕಿದ್ದು ನಾನು ಆಮೇಲೆ ಎಲ್ಲೂ ಇಲ್ಲ. ಅಂಗಡಿ ಶುರುವಾಯ್ತು, ಇನ್ನು ಸಾಕು ಅಂದ್ರು, ಬಿಟ್ಟೆ. ಇದನ್ನ ಎಲ್ಲೂ ಹೇಳ್ಬೇಡ, ಆಯ್ತಾ?"

ಟೀಚರ್ ಬಾಗಿಲಲ್ಲಿ ಎರಡು ಹೆಜ್ಜೆ ಹಿಂದೆ ಸರಿದು, ಆಗಷ್ಟೇ ಬಂದವಳ ಹಾಗೆ ಕೆಮ್ಮಿ ಒಳಗೆ ಬಂದಳು.

ಮರುದಿನ ಸಂಜೆ ಸ್ಟೂಲಿನ ಮೇಲೆ ಕೂತು ಧೈರ್ಯ ಮಾಡಿದಳು. "ಮಾವ, ಆ ವರ್ಷ ಮನೆ ಹೇಗೆ ನಡೀತು ಅಂತ ಒಂದು ಸಾಲು ಸೇರಿಸ್ಲಾ? ಮಕ್ಕಳು ಬಿಡ್ತಾ ಇಲ್ಲ."

"ಕೂಡಿಟ್ಟ ಹಣ ಇತ್ತು ಅಂತ ಬರಿ." ಆಮೇಲೆ ಅವರ ಕಣ್ಣು ಸಣ್ಣದಾಯಿತು. "ಯಾಕೆ? ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲ ಮಾವ."

"ನೋಡು, ಬೇಡ ಅಂದ್ರೆ ಈ ಪಾಠಾನೂ ಬೇಡ, ಆ ಸ್ಕೂಲೂ ಬೇಡ. ಮನೇಲಿರು. ನನಗೇನು?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಅತ್ತೆ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಟೀಚರ್‌ಗೆ ಗೊತ್ತಿತ್ತು. ಅವಳಿಗೆ ನಾಚಿಕೆಯಾಯಿತು, ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಬರೆದಳು: 'ಕೂಡಿಟ್ಟ ಹಣದಿಂದ ಅವರು ಸಂಸಾರ ನಡೆಸಿದರು.' ಮತ್ತೆ ಪಾತ್ರೆಯ ಸದ್ದು ಕೇಳಿತು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಮಾವ ಕೋಲು ಹಿಡಿದು ಗೋಡೆಯುದ್ದಕ್ಕೂ ನಡೆಯತೊಡಗಿದರು. ಇನ್ನು ಕೆಲವು ತಿಂಗಳು ಒಬ್ಬರು ಪಕ್ಕದಲ್ಲೇ ಇರಬೇಕು, ಮತ್ತೆ ಬಿದ್ದರೆ ಕಷ್ಟ ಎಂದು ಡಾಕ್ಟರ್ ಹೇಳಿದ್ದರು. ಅತ್ತೆ ಕಪಾಟಿನ ಪಕ್ಕ ಒಂದು ಚೀಲ ಇಟ್ಟು, ದಿನಕ್ಕೊಂದು ಬಟ್ಟೆ ಮಡಚಿ ತುಂಬುತ್ತಿದ್ದರು. ಮಾವನಿಗೆ ಇನ್ನೂ ಹೇಳಿರಲಿಲ್ಲ. "ಮೊದಲು ನಿಮ್ಮ ಸಾಹೇಬರು ಬಂದು ಹೋಗ್ಲಿ," ಎನ್ನುತ್ತಿದ್ದರು ಸೊಸೆಗೆ.

ಸಾಹೇಬರು ಬರುವ ದಿನ ಅತ್ತೆ ಮಾವನ ಅಂಗಿಗೆ ಇಸ್ತ್ರಿ ಹಾಕಿ, ಗುಂಡಿ ಹಾಕಿ, ತಲೆ ಬಾಚಿ, ಬಾಡಿಗೆ ಕಾರಿಗೆ ಹತ್ತಿಸಿದರು. "ನೀವೂ ಬನ್ನಿ ಅತ್ತೆ," ಎಂದಳು ಟೀಚರ್.

"ನಾನ್ಯಾಕೆ? ಗ್ಯಾಸಿನವನು ಬರ್ತಾನೆ ಇವತ್ತು."

ತರಗತಿಯಲ್ಲಿ ಸಾಹೇಬರು, ದೊಡ್ಡ ಮೇಡಂ, ಎರಡು ಕುರ್ಚಿ ಬಿಟ್ಟು ಮಾವ. ಮಕ್ಕಳು ಸರದಿಯಲ್ಲಿ ಎದ್ದು ಓದಿದರು. 'ಎದೆಯುಬ್ಬಿಸಿ ಹೊರಟರು' ಬಂದಾಗ ಮಾವನ ಎದೆ ನಿಜವಾಗಿಯೂ ಉಬ್ಬಿತು. ಸಾಹೇಬರು ಅರ್ಥ ಕೇಳಿದರು, ಕಾರಣ ಕೇಳಿದರು, ಮಕ್ಕಳು ಪಟಪಟ ಹೇಳಿದರು. ದೊಡ್ಡ ಮೇಡಂ ಸುಮ್ಮನಿರಲಾರದೆ, "ಇವರದೊಂದು ವಿಶೇಷ ಪ್ರಶ್ನೆ ಇದೆ ಸರ್," ಎಂದುಬಿಟ್ಟರು.

"ಹೌದಾ? ಕೇಳಿ ಟೀಚರ್."

ಟೀಚರ್ ಮಾವನ ಕಡೆ ನೋಡದೆ ಮಕ್ಕಳ ಕಡೆ ತಿರುಗಿದಳು. "ಈ ಪಾಠದಲ್ಲಿ... ಇಲ್ಲದವರು ಯಾರು?"

"ತಾತನ ಹೆಂಡತಿ!" ಇಡೀ ತರಗತಿ ಒಟ್ಟಿಗೆ ಕೂಗಿತು.

ಸಾಹೇಬರು ನಕ್ಕು ಮಾವನ ಕಡೆ ತಿರುಗಿದರು. "ಹೇಳಿ ಯಜಮಾನ್ರೇ. ಆ ವರ್ಷ ನಿಮ್ಮ ಮನೆಯವರು ಏನು ಮಾಡ್ತಿದ್ರು?"

"ಅವಳಾ? ಮನೇಲಿದ್ಲು. ಪಾಪ, ಅವಳೇನು ಮಾಡ್ತಾಳೆ. ನಾನು ಕೂಡಿಟ್ಟಿದ್ದೆ, ಅದರಲ್ಲೇ ನಡೀತು."

ಹಲ್ಲು ಬಿದ್ದವಳು ಕೈ ಎತ್ತುವ ಗೊಡವೆಗೂ ಹೋಗಲಿಲ್ಲ. "ಆದ್ರೆ ತಾತ, ಎರಡನೇ ಪ್ಯಾರಾದಲ್ಲಿ ಕೂಡಿಟ್ಟಿದ್ದನ್ನೆಲ್ಲ ಕೊಟ್ಟು ಮನೆ ತಗೊಂಡ್ರು ಅಂತ ಇದೆ. ಅದು ಕೆಲಸ ಬಿಡೋಕೆ ಮುಂಚೆ. ಮತ್ತೆ ಯಾವ ಹಣ?"

ಮಾವನ ಕಿವಿ ಕೆಂಪಾಯಿತು. ಅವರು ಸೊಸೆಯನ್ನು ನೋಡಿದರು. ಸಾಹೇಬರೂ ಅವಳನ್ನೇ ನೋಡಿದರು. ಎರಡನೇ ಬೆಂಚಿನಲ್ಲಿ ಚೂಟಿಯ ಕೈ ಮೇಲೆದ್ದಿತ್ತು. ಉತ್ತರ ಗೊತ್ತಿರುವ ಮಗು ಎತ್ತುವ ಕೈ, ಬೆರಳ ತುದಿಯವರೆಗೂ ನೆಟ್ಟಗೆ. ಆ ಕೈಗಾಗಿಯೇ ಟೀಚರ್ ಇಡೀ ವರ್ಷ ಪಾಡುಪಟ್ಟಿದ್ದಳು. ಅದೊಂದು ಮಾತು ಹೊರಬಿದ್ದರೆ ಮಾವ ಇವತ್ತೇ ಅವಳನ್ನು ಶಾಲೆ ಬಿಡಿಸುತ್ತಾರೆ, ಗಂಡ ನೋಡೋಣ ಎನ್ನುತ್ತಾನೆ, ಅಲ್ಲಿಗೆ ಮುಗಿಯಿತು.

"ನೀನು ಕೈ ಇಳಿಸು," ಎಂದಳು ಟೀಚರ್. "ಮನೆಯವರು ಉತ್ತರ ಹೇಳೋ ಹಾಗಿಲ್ಲ."

ಚೂಟಿ ಅಮ್ಮನ ಮುಖ ನೋಡಿದಳು. ಇನ್ನೊಂದು ಕೈಯಿಂದ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

"ಪ್ರಶ್ನೆ ಚೆನ್ನಾಗಿದೆ, ಉತ್ತರ ಮುಂದಿನ ಪಾಠದಲ್ಲಿ ಬರುತ್ತೆ. ಕೂತ್ಕೋ," ಎಂದು ಹಲ್ಲು ಬಿದ್ದವಳಿಗೆ ಹೇಳಿ ಟೀಚರ್ ಬೋರ್ಡು ಒರೆಸತೊಡಗಿದಳು.

ಸಾಹೇಬರಿಗೆ ಬಹಳ ಖುಷಿಯಾಯಿತು. "ಈ ಮಕ್ಕಳ ಎದುರಿಗೆ ಪಾಠ ಬರೆಯೋರೂ ಹೆದರ್ಬೇಕು," ಎಂದರು. ಮರುದಿನ ದೊಡ್ಡ ಮೇಡಂ ಅವಳನ್ನು ತಮ್ಮ ಕೋಣೆಗೆ ಕರೆದು, ನಗುನಗುತ್ತಲೇ ಕೈ ಕುಲುಕಿದರು. "ಖಾಯಂ! ಒಂದೇ ಮಾತು, ಮೊದಲ ವರ್ಷ ರಜೆ ಮಾತ್ರ ಕೇಳ್ಬೇಡಿ. ಒಂದು ದಿನಾನೂ ಇಲ್ಲ."

ಸಂಜೆ ಗಂಡ ಸಿಹಿ ತಂದ. ಊಟದ ಮೇಜು ಮತ್ತೆ ಮುಂದಿನ ಕೋಣೆಗೆ ಬಂದಿತ್ತು. ಮಾವ ಅದರ ತಲೆಯ ಕಡೆ ಕೂತು, ಸಾಹೇಬರು ತಮ್ಮನ್ನು ಯಜಮಾನ್ರೇ ಎಂದದ್ದನ್ನು ಮೂರನೇ ಸಲ ಹೇಳಿದರು. "ನನ್ನ ಪಾಠದಿಂದಲೇ ಇವಳಿಗೆ ಕೆಲಸ ಆಯ್ತು. ಇನ್ನು ಬಿಡ್ಬೇಡ, ಏನು? ಖಾಯಂ ಕೆಲಸ ಯಾರಾದ್ರೂ ಬಿಡ್ತಾರಾ?"

"ಅಜ್ಜಿ, ನೀನು ಯಾವಾಗ ಹೋಗೋದು?" ಎಂದಳು ಚೂಟಿ.

"ಎಲ್ಲಿಗೆ? ಯಾರು ಹೋಗೋದು?" ಮಾವನ ಕೈ ತಟ್ಟೆಯಲ್ಲೇ ನಿಂತಿತು. "ನನ್ನ ಈ ಕಾಲಲ್ಲಿ ಬಿಟ್ಟು ಯಾರು ಎಲ್ಲಿಗೆ ಹೋಗೋದು?"

ಮಗ ಅಮ್ಮನನ್ನೂ ಹೆಂಡತಿಯನ್ನೂ ನೋಡಿ, "ನೋಡೋಣ ಅಪ್ಪ," ಎಂದ.

"ಎಲ್ಲೂ ಇಲ್ಲ. ಊಟ ಮಾಡಿ," ಎಂದರು ಅತ್ತೆ.

ಅಡುಗೆಮನೆಯಲ್ಲಿ ಚೂಟಿ ಅಜ್ಜಿಯ ಸೆರಗು ಎಳೆದಳು. "ನಂಗೆ ಉತ್ತರ ಗೊತ್ತಿತ್ತು ಅಜ್ಜಿ. ಅಮ್ಮ ಕೈ ಇಳಿಸು ಅಂದ್ಲು."

"ಒಳ್ಳೇದಾಯ್ತು. ಹೇಳ್ಬೇಡ ಅಂತ ನಾನೇ ಅಂದಿರ್ಲಿಲ್ವಾ?"

"ಹೇಳ್ಬೇಡ ಅನ್ನೋವಾಗ ನೀನು ನಗ್ತಾ ಇದ್ದೆ. ಅದಕ್ಕೆ, ಹೇಳ್ಲಿ ಅಂತ ನಿಂಗೆ ಆಸೆ ಇದೆ ಅಂತ ಅನ್ಕೊಂಡೆ."

ಅತ್ತೆ ಮೊಮ್ಮಗಳ ಕೈಗೆ ಒಂದು ಸಿಹಿ ಇಟ್ಟು ಆಚೆ ಕಳಿಸಿದರು. ಟೀಚರ್ ಎಂಜಲು ತಟ್ಟೆಗಳನ್ನು ಹಿಡಿದು ಅಲ್ಲೇ ನಿಂತಿದ್ದಳು. ಎಲ್ಲವೂ ಅವಳಿಗೆ ಕೇಳಿಸಿತ್ತು.

"ಅತ್ತೆ, ಮುಂದಿನ ವರ್ಷ ರಜೆ ಸಿಗುತ್ತೆ. ಆಗ ಖಂಡಿತ ನೀವು..."

ಅತ್ತೆ ನಲ್ಲಿ ಬಿಟ್ಟರು, ಕೈ ಒಡ್ಡಿ ನೀರು ಬಿಸಿಯಿದೆಯೇ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಟೀಚರ್‌ಗೆ ಅಷ್ಟು ಭಯವಾಗುತ್ತಿರಲಿಲ್ಲ.

"ಕೊಡು ಇಲ್ಲಿ ಆ ತಟ್ಟೆ," ಎಂದು ಸೊಸೆಯ ಕೈಯಿಂದ ತೆಗೆದುಕೊಂಡರು. "ನಿಂಗೆ ನಾಳೆ ಸ್ಕೂಲಿದೆ."